ಮಾತಿಗೆ ಮುಂಚಿನ ಅರ್ಧ ಸೆಕೆಂಡು

ಹೋದ ತಿಂಗಳು ಹಾಸನದಿಂದ ಫೋನು ಬಂತು. "ಅಣ್ಣ, ಮನೆ ಮಾರ್ತಿದ್ದೀವಿ. ಅಪ್ಪನ ರೇಡಿಯೋ ರೂಮಲ್ಲಿ ಇರೋದನ್ನೆಲ್ಲ ಗುಜರಿಗೆ ಹಾಕಿಬಿಡೋಣ ಅಂತಾರೆ ಇವರು. ಅದಕ್ಕೆ ಮುಂಚೆ ನೀವೊಂದ್ಸಲ ನೋಡಿಬಿಡಿ," ಎಂದ ರಾಯರ ಮಗಳು ವಾಟ್ಸಾಪಿನಲ್ಲಿ ನಾಲ್ಕು ಫೋಟೋ ಕಳಿಸಿದಳು. ಮೂರರಲ್ಲಿ ಧೂಳು, ಜೇಡರ ಬಲೆ, ತುಕ್ಕು. ನಾಲ್ಕನೆಯದರಲ್ಲಿ ಬೂದು ಬಣ್ಣದ ಚಪ್ಪಟೆ ಡಬ್ಬ, ಮುಂಭಾಗದಲ್ಲಿ ಸಾಲಾಗಿ ಐದು ಪುಟ್ಟ ದೀಪ. ಮಾರನೆಯ ದಿನ ಬೆಳಗಿನ ಬಸ್ಸಿಗೇ ಹೊರಟೆ.

ರೇಡಿಯೋ ಸೆಟ್ಟು ಮೊದಲೇ ಹೋಗಿತ್ತು. ತಾಮ್ರ ಹಿತ್ತಾಳೆ ಜಾಸ್ತಿ ಇದ್ದದ್ದರಿಂದ ಗುಜರಿಯವನಿಗೆ ಅದರ ಮೇಲೇ ಕಣ್ಣು. ನನ್ನ ಪಾಲಿಗೆ ಸಿಕ್ಕಿದ್ದು ಆ ಡಬ್ಬ, ಇಪ್ಪತ್ತೈದು ಪಿನ್ನಿನ ಒಂದು ಕೇಬಲ್ಲು, ಉದ್ದ ರೂಲಿನ ಒಂದು ನೋಟ್‌ಬುಕ್ಕು. ಬೆಂಗಳೂರಿಗೆ ತಂದು ಮುಚ್ಚಳ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ತೆಗೆದು, 12 ವೋಲ್ಟ್ ಕೊಟ್ಟೆ. ಲ್ಯಾಪ್‌ಟಾಪಿಗೆ ಸಿಕ್ಕಿಸಲು ಒಂದು ಅಡಾಪ್ಟರು ಬೇಕಾಯಿತು. ಎಂಟರ್ ಒತ್ತಿದರೆ, ಮೂವತ್ತು ವರ್ಷ ಏನೂ ಆಗೇ ಇಲ್ಲವೆಂಬಂತೆ ಡಬ್ಬ ಅಪ್ಪಣೆ ಕೇಳಿತು. ಅದರ ಕರೆಹೆಸರು ಏನೆಂದು ಕೇಳಿದೆ. 'ನೋಕಾಲ್' ಎಂದಿತು. ಒಳಗಿದ್ದ ಲಿಥಿಯಂ ಸೆಲ್ ಸತ್ತಿತ್ತು. ಅದರ ಆಸರೆಯಲ್ಲೇ ಉಳಿದಿದ್ದ ರಾಯರ ಕರೆಹೆಸರು, ಅವರು ಅಳೆದು ಸುರಿದು ಇಟ್ಟ ಅಂಕೆಗಳು, ಎಲ್ಲ ಅಳಿಸಿಹೋಗಿ ಡಬ್ಬ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿತ್ತು. ಟಿಎಕ್ಸ್ ಡಿಲೇ 30. ಫ್ರ್ಯಾಕ್ 3. ರಿಟ್ರೈ 10. ಮ್ಯಾಕ್ಸ್‌ಫ್ರೇಮ್ 4.

ಈ ಡಬ್ಬಕ್ಕೆ ಟಿಎನ್‌ಸಿ ಎನ್ನುತ್ತಾರೆ. ಕಂಪ್ಯೂಟರಿಗೂ ರೇಡಿಯೋಗೂ ನಡುವೆ ನಿಲ್ಲುವ ದುಬಾಷಿ. ನಾವು ಕೀಲಿಮಣೆಯಲ್ಲಿ ಕುಟ್ಟಿದ್ದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಪ್ರತಿಯೊಂದಕ್ಕೂ ಇಂಥವರಿಂದ ಇಂಥವರಿಗೆ ಎಂದು ವಿಳಾಸ ಬರೆದು, ದಾರಿಯಲ್ಲಿ ಕೆಟ್ಟಿತೋ ಇಲ್ಲವೋ ತಿಳಿಯಲು ಲೆಕ್ಕದ ಬಾಲ ಅಂಟಿಸಿ, 1200 ಮತ್ತು 2200 ಹರ್ಟ್ಸಿನ ಎರಡು ಸ್ವರಗಳಾಗಿ ರೇಡಿಯೋಗೆ ಊದುತ್ತದೆ. ಸೆಕೆಂಡಿಗೆ 1200 ಬಿಟ್. ಈಗಿನ ಹುಡುಗರು ನಗುವ ವೇಗ. ಅಮೆರಿಕದ ಅರಿಜೋನಾದ ಟೂಸಾನ್ ಊರಿನ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಕೂಟವೊಂದು 1985ರಲ್ಲಿ ಟಿಎನ್‌ಸಿ-2 ಎಂಬ ವಿನ್ಯಾಸ ಹೊರತಂದಿತು. ಜೆಡ್80 ಪ್ರೊಸೆಸರಿನ ಆ ವಿನ್ಯಾಸವನ್ನೇ ಹಲವು ಕಂಪನಿಗಳು ನಕಲು ಮಾಡಿ ಮಾರಿದವು. ರಾಯರದೂ ಅಂಥದ್ದೊಂದು ನಕಲೇ. ಸಕಲೇಶಪುರದ ಕಡೆಯ ಒಬ್ಬ ಕಾಫಿ ಎಸ್ಟೇಟಿನ ಸಾಹುಕಾರರು, ಅವರೂ ಹ್ಯಾಮ್, ಹೊರದೇಶಕ್ಕೆ ಹೋದಾಗ ನಾಲ್ಕು ತಂದಿದ್ದರು. ಒಂದು ಅವರಿಗೆ, ಒಂದು ಎಸ್ಟೇಟಿನ ಮೇಲಿನ ಗುಡ್ಡಕ್ಕೆ, ಒಂದು ರಾಯರಿಗೆ. ನಾಲ್ಕನೆಯದು ನನಗೆ. ನನಗೇಕೆ ಎಂದರೆ ರಾಯರು ಹೇಳಿದರು, ಅದಕ್ಕೆ.

ರಾಯರು ತಂತಿ ಇಲಾಖೆಯಿಂದ ನಿವೃತ್ತರಾದವರು. ಊರಲ್ಲಿ ಅವರನ್ನು ತಂತಿ ರಾಯರೆಂದೇ ಕರೆಯುತ್ತಿದ್ದುದು. ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಡಿಪ್ಲೊಮಾ ಮುಗಿದಿತ್ತು, ನೌಕರಿ ಸಿಕ್ಕಿರಲಿಲ್ಲ. ಒಂದು ದಿನ ಅವರು ರಿಲೇ ಹುಡುಕಿಕೊಂಡು ಅಂಗಡಿಗೆ ಬಂದರು. ನಾನು ಒಂದು ಟಿ.ವಿ. ಆನ್ ಮಾಡಿ, ಚಿತ್ರ ಬರುವ ಮುಂಚೆಯೇ "ಲೈನ್ ಸೆಕ್ಷನ್ ಸರಿ ಇದೆ, ಬೇರೆ ಕಡೆ ನೋಡಬೇಕು" ಎಂದೆ. ಹೇಗೆ ಗೊತ್ತಾಯಿತು ಎಂದು ಕೇಳಿದರು. ಸಿಳ್ಳೆ ಕೇಳಿಸುತ್ತಿದೆಯಲ್ಲ ಸಾರ್ ಎಂದೆ. ಆಗಿನ ಟಿ.ವಿ.ಗಳು 15,625 ಹರ್ಟ್ಸಿನಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಿದ್ದವು. ವಯಸ್ಸಾದವರಿಗೆ ಕೇಳಿಸದು. ರಾಯರು ಒಂದು ಗಳಿಗೆ ಕಿವಿಗೊಟ್ಟು ನಿಂತು, "ನನಗೆ ಕೇಳಿಸ್ತಿಲ್ಲ. ಸಾಯಂಕಾಲ ಮನೆಗೆ ಬಾ," ಎಂದರು. ಆರು ತಿಂಗಳಲ್ಲಿ ನಿಮಿಷಕ್ಕೆ 12 ಪದದ ಮೋರ್ಸ್ ಕಲಿಸಿದರು. ಲೈಸೆನ್ಸಿಗೆ ಅರ್ಜಿ ತುಂಬಿಸಿದರು. ಪರೀಕ್ಷೆಯ ಫೀಸೂ ಅವರದೇ ಎಂದು ಬಹಳ ದಿನದ ಮೇಲೆ ತಿಳಿಯಿತು.

ಅವರ ರೇಡಿಯೋ ಕೋಣೆಗೆ ಬೀದಿಯಿಂದಲೇ ಬೇರೆ ಬಾಗಿಲಿತ್ತು. ಹಳೆಯ ಜಗಲಿಗೆ ಗೋಡೆ ಎಬ್ಬಿಸಿ ಮಾಡಿದ ಕೋಣೆ. ಆರು ವರ್ಷ ನಾನು ಆ ಬಾಗಿಲಲ್ಲೇ ಹೋಗಿ ಬಂದೆ. ಒಳಮನೆಗೆ ತೆರೆಯುವ ಇನ್ನೊಂದು ಬಾಗಿಲಿಗೆ ಹಸಿರು ಪರದೆ. ಅದರಾಚೆ ಏನಿತ್ತೆಂದು ಮೊನ್ನೆ, ಮನೆ ಖಾಲಿಯಾಗುವಾಗ, ಮೊದಲ ಸಲ ನೋಡಿದ್ದು. ಕಾಫಿ ತಪ್ಪದೆ ಬರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ನನಗೆಂದೇ ಒಂದು ಸ್ಟೀಲ್ ಲೋಟ, ಅಂಚಿಗೆ ಸಣ್ಣ ನೆಗ್ಗು. ಅಮ್ಮಾವ್ರು ಮೇಲಿಂದ ಹುಯ್ಯುತ್ತಿದ್ದರು, ಕುಡಿದು ನಾನೇ ಹೊರಗಿನ ನಲ್ಲಿಯಲ್ಲಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದೆ. ರಾಯರಾಗಲಿ ನಾನಾಗಲಿ ಅದರ ಬಗ್ಗೆ ಒಂದು ಮಾತು ಆಡಿದ್ದಿಲ್ಲ. ಗಾಳಿಯಲ್ಲಿ ನನಗೊಂದು ಕರೆಹೆಸರಿತ್ತು, ಅದರಲ್ಲಿ ಊರಿಲ್ಲ, ಕೇರಿಯಿಲ್ಲ. ಯಾರೋ ದೊಡ್ಡ ಸ್ಟೇಷನ್ನಿನವರು ನನ್ನ ಮೇಲೆ ಮಾತು ಹಾಕಿದರೆ ರಾಯರು ಗದರಿಸಿ ನಿಲ್ಲಿಸುತ್ತಿದ್ದರು, "ಮೊದಲು ಆ ಹುಡುಗ ಮುಗಿಸಲಿ" ಎಂದು. ಅವೆರಡೂ ಒಂದೇ ಕೋಣೆಯಲ್ಲಿ, ಒಂದೇ ಸಾಯಂಕಾಲ ನಡೆಯುತ್ತಿದ್ದವು. ಆಗ ನನಗೆ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಈಗ ಕಾಣುತ್ತದೆ.

ನಮ್ಮ ಜಾಲವೆಂದರೆ ಅಷ್ಟೇ: ಹಾಸನದಲ್ಲಿ ರಾಯರು, ನಾನು. ಗುಡ್ಡದ ಬುಡದ ಬಂಗಲೆಯಲ್ಲಿ ಸಾಹುಕಾರರು. ಘಟ್ಟದ ಕೆಳಗೆ ಕರಾವಳಿಯ ಒಂದು ಕಾಲೇಜಿನ ಹುಡುಗರು. ಗುಡ್ಡದ ತುದಿಯಲ್ಲಿ ಕಾರಿನ ಬ್ಯಾಟರಿಯ ಮೇಲೆ ನಡೆಯುವ ಡಿಜಿಪೀಟರು, ಕೇಳಿದ್ದನ್ನೇ ಗಿಣಿಯಂತೆ ಮತ್ತೆ ಹೇಳುವ ಪೆಟ್ಟಿಗೆ. ಎಲ್ಲರಿಗೂ ಇದ್ದದ್ದು ಒಂದೇ ತರಂಗ. ಒಬ್ಬರು ಮಾತಾಡುವಾಗ ಮಿಕ್ಕವರು ಬಾಯಿ ಮುಚ್ಚಿಕೊಂಡಿರಬೇಕು. ತೊಡಕೇನೆಂದರೆ, ನಡುವೆ ಪಶ್ಚಿಮಘಟ್ಟ. ಕಾಲೇಜಿನವರು ಮಾತಾಡುವುದು ಗುಡ್ಡಕ್ಕೆ ಕೇಳುತ್ತದೆ, ನಮಗೆ ಕೇಳುವುದಿಲ್ಲ. ತರಂಗ ಖಾಲಿಯಿದೆಯೆಂದುಕೊಂಡು ನಾವು ಶುರು ಮಾಡುತ್ತೇವೆ, ಗುಡ್ಡದ ಕಿವಿಯಲ್ಲಿ ಎರಡೂ ಸೇರಿ ಗೊಂದಲ. ಹವಾಯಿ ದ್ವೀಪಗಳಲ್ಲಿ 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಯವರು ಅಲೋಹಾನೆಟ್ ಎಂಬ ರೇಡಿಯೋ ಜಾಲ ಶುರು ಮಾಡಿದಾಗ ಅವರಿಗೂ ಇದೇ ಪ್ರಶ್ನೆ: ಒಬ್ಬರನ್ನೊಬ್ಬರು ನೋಡದೆ ಒಂದೇ ತರಂಗ ಹಂಚಿಕೊಳ್ಳುವುದು ಹೇಗೆ? ಬೇಕಾದಾಗ ಕೂಗು, ಉತ್ತರ ಬಾರದಿದ್ದರೆ ಸ್ವಲ್ಪ ತಡೆದು ಮತ್ತೆ ಕೂಗು ಎಂಬುದು ಅವರ ಉಪಾಯ. ಹಾಗೆ ಎಲ್ಲರೂ ಕೂಗಿಕೊಂಡರೆ ತರಂಗದ ನೂರಕ್ಕೆ ಹದಿನೆಂಟು ಪಾಲಷ್ಟೇ ಕೆಲಸಕ್ಕೆ ಬರುತ್ತದೆ, ಉಳಿದದ್ದು ಗದ್ದಲ ಮತ್ತು ಮೌನ. ಊರ ಪಂಚಾಯ್ತಿಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಎಂದು ನನ್ನ ಅನುಮಾನ.

'ಸ್ವಲ್ಪ' ಎಂದರೆ ಎಷ್ಟು ಎಂಬುದೇ ಟಿಎನ್‌ಸಿಯ ಅಂಕೆಗಳ ಕತೆಯೆಲ್ಲ.

ಮೊದಲನೆಯದು ಟಿಎಕ್ಸ್ ಡಿಲೇ. ಒಂದೊಂದು ಅಂಕೆಗೆ ಸೆಕೆಂಡಿನ ನೂರನೆಯ ಒಂದು ಪಾಲು. ರೇಡಿಯೋದ ಬಟನ್ ಒತ್ತಿದ ಮೇಲೆ ಮಾತು ಶುರು ಮಾಡುವ ಮುಂಚೆ ಎಷ್ಟು ಹೊತ್ತು ಕಾಯಬೇಕೆನ್ನುವುದು. ರಾಯರದು ಹರಾಜಿನಲ್ಲಿ ಹಿಡಿದ ಹಳೆಯ ಸೆಟ್ಟು. ಬಟನ್ ಒತ್ತಿದರೆ ಒಳಗೆ ಹೆಬ್ಬೆರಳು ಗಾತ್ರದ ರಿಲೇ 'ಟಕ್' ಎಂದು ಮಗುಚಬೇಕು, ಆಮೇಲೆ ಕ್ರಿಸ್ಟಲ್ಲು ಎಚ್ಚರಗೊಳ್ಳಬೇಕು, ಆಮೇಲೆ ಆಂಟೆನಾಕ್ಕೆ ಶಕ್ತಿ ಏರಬೇಕು. ಅಷ್ಟರಲ್ಲೇ ಮಾತು ಶುರುವಾದರೆ ಪೊಟ್ಟಣದ ತಲೆಯೇ ಕತ್ತರಿಸಿ ಹೋಗುತ್ತದೆ, ತಲೆಯಲ್ಲೇ ವಿಳಾಸವಿರುವುದು. ಆ ಕಾಯುವ ಹೊತ್ತಿನಲ್ಲಿ ಟಿಎನ್‌ಸಿ ಸುಮ್ಮನಿರುವುದಿಲ್ಲ, ಒಂದೇ ಗುರುತನ್ನು ಮತ್ತೆ ಮತ್ತೆ ಕಳಿಸುತ್ತದೆ. ಕೇಳಲು ಒಂದೇ ಸಮನೆ 'ಗುರ್ರ್' ಎನ್ನುತ್ತದೆ. ಅದು ಮುಗಿದ ಮೇಲೆ ನಿಜವಾದ ಮಾತು, ಸಾಣೆಕಲ್ಲಿಗೆ ಚಾಕು ಹಿಡಿದಂಥ 'ಸರ್ರ್'. ರಾಯರು ಟಿಎಕ್ಸ್ ಡಿಲೇ ಹೊಂದಿಸಿದ ರೀತಿಯನ್ನು ನಾನು ಮರೆತಿಲ್ಲ. 60ರಿಂದ ಶುರು ಮಾಡಿ ಐದೈದೇ ಇಳಿಸುತ್ತ ಬಂದರು, ಒಂದೊಂದಕ್ಕೂ ಇಪ್ಪತ್ತು ಪೊಟ್ಟಣ ಕಳಿಸಿ ನನ್ನ ಕಡೆ ಎಷ್ಟು ಮುಟ್ಟಿದವೆಂದು ಬರೆಸಿದರು. 40ಕ್ಕೆ ಹದಿಮೂರು ಮುಟ್ಟಿದವು. 45ಕ್ಕೆ ಇಪ್ಪತ್ತಕ್ಕೆ ಇಪ್ಪತ್ತು. ಸರಿ, 45 ಇಡೋಣ ಎಂದೆ ನಾನು. "ಮಳೆಗಾಲದಲ್ಲಿ ರಿಲೇ ಮೈಮುರೀತದೆ ಕಣಯ್ಯ," ಎಂದು 50 ಇಟ್ಟರು. ಅರ್ಧ ಸೆಕೆಂಡು. ನನ್ನ ಸೆಟ್ಟಿನಲ್ಲಿ ರಿಲೇಯೇ ಇರಲಿಲ್ಲ, 12 ಸಾಕಿತ್ತು. ಆ ವ್ಯತ್ಯಾಸದ ಹೆಮ್ಮೆ ನನಗೆ ಒಂದು ವರ್ಷ ಇತ್ತು.

ಅಮ್ಮಾವ್ರಿಗೆ ಈ ಸದ್ದೆಲ್ಲ ಪರದೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠ. ಮೋರ್ಸೂ ಅಷ್ಟೇ. ನಾನು ಪರೀಕ್ಷೆಗೆ ಅಭ್ಯಾಸ ಮಾಡುವಾಗ ಒಂದು ಅಕ್ಷರ ತಪ್ಪು ಬರೆದರೆ ಒಳಗಿಂದ ಬಳೆಯ ಸದ್ದಿನ ಜೊತೆಗೆ ಸರಿಯಾದ ಅಕ್ಷರ ಬರುತ್ತಿತ್ತು. ಗಂಡನಿಗೆ ಕಾಫಿ ತರುವಾಗ ಸ್ಪೀಕರಿನ ಕಡೆ ಕತ್ತು ಹೊರಳಿಸಿ, "ಅಗೋ, ಬಾಯಿ ಹಾಕೋ ಹುಡುಗ ಬಂದ," ಎನ್ನುತ್ತಿದ್ದರು. ನನ್ನದು 'ಗುರ್ರ್' ಇಲ್ಲದೆ ಒಮ್ಮೆಲೇ 'ಸರ್ರ್' ಎಂದು ಶುರುವಾಗುತ್ತಿತ್ತಲ್ಲ, ಅದಕ್ಕೆ. ಪರದೆ ತೆಗೆಯದೆಯೇ ಯಾವುದು ಯಾರ ಸ್ಟೇಷನ್ನೆಂದು ಹೇಳಬಲ್ಲ ಹೆಂಗಸಿಗೆ ಲೈಸೆನ್ಸು ಕೊಡಿಸಬೇಕೆಂದು ಮೂರು ಹ್ಯಾಮ್‌ಗಳಿಗೆ ಒಂದು ದಿನವೂ ಹೊಳೆಯಲಿಲ್ಲ. ನನ್ನ ಲೋಟದ ವಿಷಯಕ್ಕೆ ಈಗ ನೊಂದುಕೊಳ್ಳುವ ನಾನೂ ಆ ಮೂವರಲ್ಲಿ ಒಬ್ಬ.

ಕನ್ನಡ ಕಳಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಕಾಲೇಜಿನವರ ಕಂಪ್ಯೂಟರಿನಲ್ಲಿ ಜಿಸ್ಟ್ ಕಾರ್ಡಿತ್ತು, ಅದರಲ್ಲಿ ಕನ್ನಡ ಬರುತ್ತಿತ್ತು. ಒಂದು ರಾತ್ರಿ ಅವರು 'ಕಮಲ' ಎಂದು ಕಳಿಸಿದರು. ನಮ್ಮ ಪರದೆಯ ಮೇಲೆ ಬಂದದ್ದು ಮೂರರ ಅಂಕೆ, ಆಮೇಲೆ ಇಂಗ್ಲಿಷಿನ ಎಲ್, ಕ್ಯೂ. ರಾಯರೂ ನಾನೂ ಎರಡು ಗಂಟೆ ತಲೆ ಕೆಡಿಸಿಕೊಂಡೆವು. ಕನ್ನಡದ ಅಕ್ಷರಗಳಿಗೆ ಎಂಟು ಬಿಟ್ ಬೇಕು, ಟಿಎನ್‌ಸಿ ಹುಟ್ಟಿನಿಂದ ಇಂಗ್ಲಿಷಿನದು, ಏಳೇ ಬಿಟ್ ಸಾಕೆಂದು ಎಂಟನೆಯದನ್ನು ಕೊಯ್ದು ಬಿಸಾಕುತ್ತಿತ್ತು. ಮೂರು ಕಡೆ ಅಂಕೆ ಬದಲಿಸಿ ಎಂಟೂ ಬಿಟ್ ಬಿಡುವಂತೆ ಮಾಡಿದೆವು. ಮತ್ತೆ 'ಕಮಲ' ಕಳಿಸಿದರು. ಈ ಸಲ ಒಂದು ನೆಟ್ಟನೆ ಗೆರೆ, ಪಕ್ಕಕ್ಕೆ ಜೋಡಿಗೆರೆಯ ಎರಡು ಕವಲುಗಳು. ನಮ್ಮ ಕಂಪ್ಯೂಟರಿನಲ್ಲಿ ಜಿಸ್ಟ್ ಇಲ್ಲ, ಆ ಸಂಕೇತಗಳಿಗೆ ಅದರ ಬಳಿ ಇದ್ದದ್ದು ಚೌಕಟ್ಟು ಬರೆಯುವ ಗೆರೆಗಳೇ. "ಕಮಲ ಹೋಗಿ ಬೇಲಿ ಬಂತು," ಎಂದರು ರಾಯರು. ಅವರು ಜೋರಾಗಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಬೇಲಿಯನ್ನೇ ಫ್ಲಾಪಿಗೆ ಹಾಕಿಕೊಂಡು ಹೋಗಿ, ಊರಿನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಕಮಲ ಅರಳಿಕೊಂಡು ಕೂತಿತ್ತು.

ಫ್ಲಾಪಿಯದೂ ಒಂದು ತಕರಾರು. ಕಂಪ್ಯೂಟರು ಫ್ಲಾಪಿಗೆ ಬರೆಯುತ್ತಿರುವಾಗ ಅದಕ್ಕೆ ಬೇರೆ ಏನೂ ಕಿವಿಗೆ ಬೀಳದು. ಆ ಹೊತ್ತಿನಲ್ಲಿ ಟಿಎನ್‌ಸಿ ಸುರಿದ ಅಕ್ಷರಗಳು ನೆಲದ ಪಾಲು. ಫ್ಲಾಪಿಯ ದೀಪ ಹತ್ತಿದಾಗಲೆಲ್ಲ ಸಾಲಿನ ನಡುವೆ ತೂತು. ಎಕ್ಸ್‌ಫ್ಲೋ ಎಂಬುದನ್ನು ಎರಡೂ ಕಡೆ ಆನ್ ಮಾಡಿದರೆ ಕಂಪ್ಯೂಟರು ಒಂದು ಸಂಕೇತ ಕಳಿಸಿ 'ತಡಿ' ಎನ್ನಬಹುದು, ಇನ್ನೊಂದು ಕಳಿಸಿ 'ಹ್ಞೂಂ, ಈಗ ಬಡಿಸು' ಎನ್ನಬಹುದು. "ಪಂಕ್ತೀಲಿ ಕೂತೋರು ಎಲೆಗೆ ಅಡ್ಡ ಕೈ ಹಿಡೀತಾರಲ್ಲ, ಹಾಗೆ ಇದು," ಎಂದು ರಾಯರು ತಮ್ಮ ಅಂಗೈಯನ್ನು ಕೀಲಿಮಣೆಯ ಮೇಲೆ ಅಡ್ಡ ಹಿಡಿದು ತೋರಿಸಿದರು. ಒಳ್ಳೆಯ ಹೋಲಿಕೆ. ಅವರ ಮನೆಯ ಪಂಕ್ತಿಯಲ್ಲಿ ನಾನು ಕೂತವನಲ್ಲ ಎಂಬುದು ಅವರಿಗೆ ಆ ಗಳಿಗೆಯಲ್ಲಿ ನೆನಪಾಯಿತೋ ಏನೋ, ಕೈ ತಟ್ಟನೆ ಹಿಂದೆಗೆದುಕೊಂಡರು. ಅಥವಾ ಅದು ನನ್ನ ಕಲ್ಪನೆ.

ಈಗ ನನ್ನ ತಪ್ಪಿನ ವಿಷಯ.

ಫ್ರ್ಯಾಕ್ ಎಂದರೆ, ಕಳಿಸಿದ ಪೊಟ್ಟಣಕ್ಕೆ 'ಮುಟ್ಟಿತು' ಎಂಬ ಉತ್ತರ ಬಾರದಿದ್ದರೆ ಎಷ್ಟು ಸೆಕೆಂಡಿಗೆ ಮತ್ತೆ ಕಳಿಸಬೇಕು ಎಂಬ ಲೆಕ್ಕ. ನಡುವೆ ಒಂದು ಡಿಜಿಪೀಟರಿದ್ದರೆ ಅದು ತಾನೇ ಮೂರರಿಂದ ಗುಣಿಸಿಕೊಳ್ಳುತ್ತದೆ. ನಾನು ಅದನ್ನು ತೀರಾ ಕಡಿಮೆಗೆ, 1ಕ್ಕೆ ಇಟ್ಟಿದ್ದೆ. ಮ್ಯಾಕ್ಸ್‌ಫ್ರೇಮ್, ಅಂದರೆ ಉತ್ತರ ಬಾರದೆಯೇ ಒಂದೇ ಉಸಿರಿಗೆ ಎಷ್ಟು ಪೊಟ್ಟಣ ಕಳಿಸಬಹುದೆಂಬುದು, ಗರಿಷ್ಠ 7. ಒಂದೊಂದರ ಗಾತ್ರವೂ ಗರಿಷ್ಠ, 256 ಅಕ್ಷರ. ಅಂದರೆ ಒಮ್ಮೆ ಬಾಯಿ ತೆರೆದರೆ ಹದಿಮೂರು ಸೆಕೆಂಡು. ಅದನ್ನು ಗುಡ್ಡ ಮತ್ತೆ ಹೇಳುವಾಗ ಇನ್ನೊಂದು ಹದಿಮೂರು. ಜಾಸ್ತಿ ತುಂಬಿದರೆ ಜಾಸ್ತಿ ಸಾಗುತ್ತದೆ ಎಂಬ ಲಾರಿಯವರ ಲೆಕ್ಕ ನನ್ನದು. ಆದರೆ ಏಳರಲ್ಲಿ ಎರಡನೆಯದು ಕೆಟ್ಟರೆ ಮುಂದಿನ ಐದು ಚೆನ್ನಾಗಿದ್ದರೂ ಆಚೆಯವರು ತೆಗೆದುಕೊಳ್ಳುವುದಿಲ್ಲ, ಎರಡರಿಂದಲೇ ಮತ್ತೆ ಕಳಿಸಬೇಕು. ಕೆಟ್ಟ ದಾರಿಯಲ್ಲಿ ಒಂದೊಂದೇ ಸಣ್ಣ ಪೊಟ್ಟಣ ಕಳಿಸುವವನೇ ಮೊದಲು ಮುಟ್ಟುವುದು. ಕೈಪಿಡಿಯಲ್ಲಿ ಬರೆದಿತ್ತು. ನಾನು ಓದಿರಲಿಲ್ಲ. ರಿಟ್ರೈಗೆ ಸೊನ್ನೆ ಕೊಟ್ಟಿದ್ದೆ. ಸೊನ್ನೆಯೆಂದರೆ ಪ್ರಯತ್ನವೇ ಬೇಡ ಎಂದಲ್ಲ, ಎಂದಿಗೂ ನಿಲ್ಲಿಸಬೇಡ ಎಂದು. ಜೊತೆಗೆ ಪ್ರೋಟೋಕಾಲಿನ ಹಳೆಯ ಆವೃತ್ತಿ ಹಾಕಿಕೊಂಡಿದ್ದೆ. ಹೊಸದಾದರೆ ಮೊದಲು 'ಇದ್ದೀರಾ' ಎಂದು ಚುಟುಕಾಗಿ ಕೇಳುತ್ತದೆ. ಹಳೆಯದು ಇಡೀ ಮೂಟೆಯನ್ನೇ ಮತ್ತೆ ಎತ್ತಿ ಎಸೆಯುತ್ತದೆ.

ಜುಲೈ ತಿಂಗಳ ಒಂದು ರಾತ್ರಿ, ಮಲೆನಾಡಿನಲ್ಲಿ ಮೂರು ದಿನದಿಂದ ಹಿಡಿದ ಮಳೆ. ಕಾಲೇಜಿಗೆ ಒಂದು ಉದ್ದನೆಯ ಫೈಲು ಕಳಿಸಲು ಹಚ್ಚಿ ನಾನು ಸೆಕೆಂಡ್ ಶೋ ಸಿನಿಮಾಕ್ಕೆ ಹೋದೆ. ನಡುವೆ ಕರಾವಳಿಯಲ್ಲಿ ಕರೆಂಟು ಹೋಗಿ ಕಾಲೇಜಿನ ಸೆಟ್ಟು ಸತ್ತಿತು. ನನ್ನದು ಬ್ಯಾಟರಿಯ ಮೇಲಿತ್ತು, ಸಾಯಲಿಲ್ಲ. ಯಾರೂ ಇಲ್ಲದ ಮನೆಯ ಬಾಗಿಲನ್ನು ಬಡಿಯುತ್ತ ಹೋಯಿತು. ಗುಡ್ಡವೂ ನಿಷ್ಠೆಯಿಂದ ಅದನ್ನೇ ಮತ್ತೆ ಮತ್ತೆ ಹೇಳಿತು. ಗುಡ್ಡ ಬಾಯಿ ಮುಚ್ಚಿದ ಮರುಕ್ಷಣವೇ ನನ್ನದು ಮತ್ತೆ ಶುರು.

ಅದೇ ಹೊತ್ತಿಗೆ ಎಸ್ಟೇಟಿನ ಲೈನ್ ಮನೆಯ ಮೇಲೆ ಸಿಲ್ವರ್ ಓಕ್ ಮರ ಬಿದ್ದು ಒಬ್ಬ ಕೆಲಸಗಾರನ ಕಾಲು ಅಡಿಗಾಗಿತ್ತು. ಫೋನಿನ ಕಂಬ ಉರುಳಿತ್ತು, ರಸ್ತೆಗೆ ಅಡ್ಡ ಇನ್ನೊಂದು ಮರ. ಆ ಮರದ ಈಚೆಗೆ ಹಾಸನದಿಂದ ಗಾಡಿ ಬಂದು ನಿಂತಿದ್ದರೆ, ಆಚೆಯಿಂದ ಹೊತ್ತು ತಂದು ಏರಿಸಬಹುದು. ಸಾಹುಕಾರರು ಅದನ್ನು ಹೇಳಲು ರೇಡಿಯೋ ಮುಂದೆ ಕೂತರು. ಪ್ಯಾಕೆಟ್ಟಿನಲ್ಲಿ ಕಳಿಸಿದರು, ಬಾಯಲ್ಲಿ ಕೂಗಿದರು. ರಾಯರಿಗೆ ನನ್ನ 'ಸರ್ರ್' ನಡುವೆ ತುಂಡು ತುಂಡಾಗಿ 'ಕಾಲು', 'ಗಾಡಿ' ಎಂದಷ್ಟೇ ಕೇಳಿಸಿತಂತೆ. ಕೊಡೆ ಹಿಡಿದು ಒಂದು ಮೈಲಿ ನಡೆದು ನನ್ನ ರೂಮಿಗೆ ಬಂದರು. ಓನರಿನ ಹತ್ತಿರ ಬೀಗದ ಕೈ ಇಸಿದುಕೊಂಡು ಒಳಗೆ ಹೋಗಿ ಬ್ಯಾಟರಿಯ ತಂತಿ ಕಿತ್ತರು. ಸಿನಿಮಾ ಮುಗಿಸಿ ನಾನು ಬಂದಾಗ ಅವರು ನನ್ನ ಕುರ್ಚಿಯಲ್ಲಿ, ನನ್ನ ಸೆಟ್ಟಿನ ಮುಂದೆ, ಒದ್ದೆ ಪಂಚೆಯಲ್ಲಿ ಕೂತು ಸಾಹುಕಾರರ ಜೊತೆ ಮಾತಾಡುತ್ತಿದ್ದರು. ನಲವತ್ತು ನಿಮಿಷ ತಡವಾಗಿತ್ತು. ಗಾಡಿ ಹೋಯಿತು. ಆಳು ಬದುಕಿದ. ಕಾಲು ಸರಿಯಾಗಲಿಲ್ಲ. ನಲವತ್ತು ನಿಮಿಷ ಮುಂಚೆ ಹೋಗಿದ್ದರೆ ಸರಿಯಾಗುತ್ತಿತ್ತೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಕೇಳಲು ಹೆದರಿಕೆ.

ರಾಯರು ಬೈಯಲಿಲ್ಲ. ಮಾರನೆಯ ಸಾಯಂಕಾಲ ಅಂಕೆಗಳನ್ನು ಹೇಳಿದರು, ಬರೆದುಕೊಂಡೆ. ಫ್ರ್ಯಾಕ್ 7. ರಿಟ್ರೈ 8. ಮ್ಯಾಕ್ಸ್‌ಫ್ರೇಮ್ 1. ಪೊಟ್ಟಣ 64 ಅಕ್ಷರ. ಪರ್ಸಿಸ್ಟ್ 63, ಸ್ಲಾಟ್‌ಟೈಮ್ 10. ಕೊನೆಯವೆರಡು ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದ್ದು ಅಮ್ಮಾವ್ರು. ಪರದೆ ಸರಿಸಿ ಚೌಕಾಬಾರದ ನಾಲ್ಕು ಕವಡೆ ತಂದು ಕೋಣೆಯ ನೆಲದ ಮೇಲೆ ಎಸೆದರು. "ತರಂಗ ಖಾಲಿ ಆಯ್ತು ಅಂತ ಎಲ್ಲರೂ ಒಟ್ಟಿಗೇ ಬಾಯಿ ತೆಗೆದರೆ ಗಲಾಟೆ. ಅದಕ್ಕೆ ಒಬ್ಬೊಬ್ಬರೂ ಮೊದಲು ಕವಡೆ ಹಾಕ್ಕೋಬೇಕು. ನಾಲ್ಕರಲ್ಲಿ ಒಂದೇ ಅಂಗಾತ ಬಿತ್ತೋ, ಮಾತಾಡು. ಇಲ್ವೋ, ಸ್ವಲ್ಪ ತಡೆದು ಮತ್ತೆ ಹಾಕು." ನಾನು ಆಮೇಲೆ ಲೆಕ್ಕ ಹಾಕಿದೆ. 63ಕ್ಕೆ ಒಂದು ಸೇರಿಸಿ 256ರಿಂದ ಭಾಗಿಸಿದರೆ ಕಾಲು. ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ನಾಲ್ಕರಲ್ಲಿ ಒಂದೇ ಅಂಗಾತ ಬೀಳುವುದೂ ಹದಿನಾರಕ್ಕೆ ನಾಲ್ಕು ಸಲ, ಕಾಲೇ. 'ಸ್ವಲ್ಪ ತಡೆ' ಎಂಬುದು ಸ್ಲಾಟ್‌ಟೈಮ್, ಸೆಕೆಂಡಿನ ಹತ್ತನೇ ಒಂದು. ರಾಯರು ಬೆರಗಾಗಿ ಹೆಂಡತಿಯ ಮುಖ ನೋಡಿದರು. ಆಕೆ ಕವಡೆ ಬಳಿದುಕೊಂಡು ಒಳಗೆ ಹೋದರು.

1998ರಲ್ಲಿ ನನಗೆ ಬೆಂಗಳೂರಿನಲ್ಲಿ ನೆಟ್‌ವರ್ಕಿಂಗ್ ಕೆಲಸ ಸಿಕ್ಕಿತು. ಅಷ್ಟರಲ್ಲಿ ದೇಶಕ್ಕೆ ಇಂಟರ್‌ನೆಟ್ ಬಂದು ಮೂರು ವರ್ಷವಾಗಿತ್ತು, ಯಾರಿಗೂ 1200 ಬಿಟ್ಟಿನ ಮಾತು ಬೇಕಿರಲಿಲ್ಲ. ಆಫೀಸಿನಲ್ಲಿ ಓದಲು ಕೊಟ್ಟ ಪುಸ್ತಕದಲ್ಲಿ ಕಾರ್ನ್ ಎಂಬ ಹೆಸರು ಸಿಕ್ಕಿ ಬೆಚ್ಚಿದೆ. ಫಿಲ್ ಕಾರ್ನ್, ನಮ್ಮಂತೆಯೇ ಪ್ಯಾಕೆಟ್ ರೇಡಿಯೋ ಹ್ಯಾಮ್. ಉತ್ತರ ಬರುವ ಹೊತ್ತನ್ನು ಸರಿಯಾಗಿ ಅಳೆಯುವುದು ಹೇಗೆ, ಬಾರದಿದ್ದರೆ ಕಾಯುವ ಹೊತ್ತನ್ನು ಹೇಗೆ ಹಿಗ್ಗಿಸುತ್ತ ಹೋಗಬೇಕು ಎಂಬುದರ ಮೇಲೆ 1987ರಲ್ಲಿ ಅವರು ಜೊತೆಗಾರರೊಬ್ಬರೊಂದಿಗೆ ಬರೆದದ್ದು ಇಂದಿಗೂ ಇಂಟರ್‌ನೆಟ್ಟಿನ ಒಳಗೆ ಕೆಲಸ ಮಾಡುತ್ತಿದೆ. ಈಗ ನಿಮ್ಮ ಮನೆಯ ವೈಫೈ ಕೂಡ ಮಾತಾಡುವ ಮುಂಚೆ ಒಂದು ಬಗೆಯ ಕವಡೆ ಹಾಕಿಕೊಳ್ಳುತ್ತದೆ. ವ್ಯತ್ಯಾಸವೆಂದರೆ ಅಂಕೆಗಳನ್ನು ಯಾರೂ ಕೂತು ಹೊಂದಿಸುವುದಿಲ್ಲ, ಯಂತ್ರ ತಾನೇ ನೋಡಿಕೊಳ್ಳುತ್ತದೆ. ಒಳ್ಳೆಯದೇ. ನನ್ನಂಥವರ ಕೈಗೆ ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತು. ರಾಯರಿಗೆ ಮೊದಲು ತಿಂಗಳಿಗೊಂದು ಕಾಗದ, ಆಮೇಲೆ ಯುಗಾದಿಗೊಂದು ಫೋನು, ಆಮೇಲೆ ಅದೂ ಇಲ್ಲ. ತೀರಿಕೊಂಡಾಗ ನಾನು ವಿದೇಶದಲ್ಲಿದ್ದೆ, ಬರಬಹುದಿತ್ತು, ಬರಲಿಲ್ಲ.

ನೋಟ್‌ಬುಕ್ಕನ್ನು ಊರಿಂದ ತಂದ ರಾತ್ರಿಯೇ ಓದಿದೆ. ತಂತಿ ಆಫೀಸಿನ ಬಿಗಿ ಅಕ್ಷರ. ತಾರೀಕು, ಅಂಕೆ, ಕಾರಣ. ಜುಲೈಯ ಆ ರಾತ್ರಿಗೆ ಎರಡು ತಿಂಗಳು ಹಿಂದಿನ ಒಂದು ಸಾಲು: "ಹುಡುಗನ ಫ್ರ್ಯಾಕ್ 1 ಇರಬೇಕು, ಮ್ಯಾಕ್ಸ್‌ಫ್ರೇಮ್ 7, ಕಿವಿ ಅಂದಾಜು. ನನ್ನ ಡಿವೇಟ್ 16ರಿಂದ 60. ದಾರಿ ಬಿಟ್ಟಿದೆ." ವಾರದ ಮೇಲೆ ಇನ್ನೊಂದು: "ಕಾಲೇಜಿನವರ ದೂರು. ದೋಷ ನನ್ನ ಸೆಟ್ಟಿನದೆಂದು ಹೇಳಿದೆ." ಡಿವೇಟ್ ಎಂದರೆ ತರಂಗ ಖಾಲಿಯಾದ ಮೇಲೆ ಬಾಯಿ ತೆರೆಯುವ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದು. ನಾನು ಗೆದ್ದೆನೆಂದು ಬೀಗುತ್ತಿದ್ದ ದಿನಗಳಲ್ಲಿ ಅವರು ಪಕ್ಕಕ್ಕೆ ಸರಿದು ನಿಂತಿದ್ದರು.

ಮೊದಲು ಕಣ್ಣು ಮಂಜಾಯಿತು. ಸ್ವಲ್ಪ ಹೊತ್ತಿಗೆ ಸಿಟ್ಟು ಬಂತು. ಎರಡು ತಿಂಗಳು ಮುಂಚೆ ಗೊತ್ತಿತ್ತಲ್ಲ, ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ಆ ಆಳಿನ ನಲವತ್ತು ನಿಮಿಷ ಉಳಿಯುತ್ತಿತ್ತು. ಎದುರಿಗೆ ಆಡಬೇಕಾದ ಕಷ್ಟದ ಮಾತಿನ ಬದಲು ತಮ್ಮ ಕಡೆಯ ಅಂಕೆಯನ್ನು ಸದ್ದಿಲ್ಲದೆ ಹೊಂದಿಸಿಕೊಂಡುಬಿಡುವುದು ಅವರ ಸ್ವಭಾವ. ಪರೀಕ್ಷೆಯ ಫೀಸು ಹಾಗೆಯೇ ಕಟ್ಟಿದರು. ಲೋಟದ ವಿಷಯದಲ್ಲೂ, ಆಗಾಗ ತಮ್ಮ ಕಾಫಿಯನ್ನು ಒಳಗೆ ಕುಡಿಯದೆ ಕಿಟಕಿಯ ಹತ್ತಿರ ನನ್ನ ಪಕ್ಕ ನಿಂತು ಕುಡಿಯುತ್ತಿದ್ದರು. ನಿಯಮ ಮುರಿಯಲಿಲ್ಲ, ಅದರ ಪಕ್ಕ ಬಂದು ನಿಂತರು.

ನೋಟ್‌ಬುಕ್ ನೋಡಿಕೊಂಡು ಎಲ್ಲ ಅಂಕೆಗಳನ್ನೂ ಮತ್ತೆ ತುಂಬಬೇಕೆಂದಿದ್ದೆ. ಅದಕ್ಕೆ ಮುಂಚೆ ಡಬ್ಬದಿಂದ ಸದ್ದು ಬರುತ್ತದೋ ಎಂದು, ರೇಡಿಯೋಗೆ ಹೋಗುವ ತಂತಿಯನ್ನು ಒಂದು ಸಣ್ಣ ಸ್ಪೀಕರಿಗೆ ಕೊಟ್ಟು, ನನ್ನ ಕರೆಹೆಸರು ಹಾಕಿ ಒಂದು ಸಾಲು ಕಳಿಸಿದೆ. ಬಂತು. ರಾಯರ ಮಗಳಿಗೆ ಫೋನು ಮಾಡಿ, ಕೆಲಸ ಮಾಡ್ತಿದೆ ಕಣಮ್ಮ ಎಂದೆ. "ಅಮ್ಮ ಇಲ್ಲೇ ಇದಾರೆ, ಕೇಳಿಸಿ," ಎಂದು ಫೋನನ್ನು ಅವರ ಕಿವಿಗೆ ಹಿಡಿದಳು. ಅಮ್ಮಾವ್ರಿಗೆ ಈಗ ಎಂಬತ್ತೇಳು. ನಾನು ಸ್ಪೀಕರಿನ ಪಕ್ಕ ಫೋನಿಟ್ಟು ಎಂಟರ್ ಒತ್ತಿದೆ.

"ಯಾರದಪ್ಪ ಇದು?" ಎಂದರು.

"ರಾಯರದೇ ಅಮ್ಮಾವ್ರೆ. ಅದೇ ಡಬ್ಬ."

"ಅಲ್ಲ. ನಮ್ಮನೇದು ಮಾತಿಗೆ ಮುಂಚೆ ಇನ್ನೂ ಸ್ವಲ್ಪ ಎಳೀತಿತ್ತು."

ಟಿಎಕ್ಸ್ ಡಿಲೇ ಇನ್ನೂ 30ರಲ್ಲೇ ಇತ್ತು. 50 ಎಂದು ಕುಟ್ಟಿ, ಅದೇ ಸಾಲನ್ನು ಮತ್ತೆ ಕಳಿಸಿದೆ. ಆಚೆಯಿಂದ ಏನೂ ಬರಲಿಲ್ಲ. ಲೈನು ಕಟ್ಟಾಯಿತೇನೋ ಎಂದು ಫೋನು ನೋಡಿದೆ, ಕಟ್ಟಾಗಿರಲಿಲ್ಲ. ಕಾದೆ.

"ಹ್ಞಾಂ," ಎಂದರು. "ಇನ್ನೊಂದ್ಸಲ ಹಾಕು."